ಪಡಸಾಲೆಯಲ್ಲೊಂದು ಮಾನ್‌ಸ್ಟೆರಾ

ಮಾರ್ಚ್ ಬಂತೆಂದರೆ ಬಳ್ಳಾರಿಯಲ್ಲಿ ಬೆಳಿಗ್ಗೆ ಹತ್ತಾಗುವಷ್ಟರಲ್ಲಿ ಕಿಟಕಿ ಬಂದ್, ಪರದೆ ಬಂದ್, ಬಾಗಿಲಿಗೆ ಚಿಲಕ. ಹಿರಿಯರು ಕಟ್ಟಿದ ಮಾಳಿಗೆ ಮನೆಗಳಂತೂ ಬಿಸಿಲಿನ ಜೊತೆ ಜಗಳ ಆಡಿಕೊಂಡೇ ಎದ್ದು ನಿಂತಿವೆ. ದಪ್ಪ ಗೋಡೆ, ಚಿಕ್ಕ ಕಿಟಕಿ, ತಲೆ ಮೇಲೆ ಮಣ್ಣಿನ ಮಾಳಿಗೆ, ಅದರ ನಡುವೆ ಒಂದು ಬೆಳಕಿಂಡಿ. ಇಂಥ ಊರಲ್ಲಿ ಮಳೆಕಾಡಿನ ಅಗಲ ಎಲೆಯ ಗಿಡವನ್ನು ಮನೆಯೊಳಗೆ ಸಾಕುತ್ತೇನೆ ಅಂದರೆ ಜನ ನಗದೆ ಇನ್ನೇನು ಮಾಡುತ್ತಾರೆ? ನಗಲಿ ಬಿಡಿ. ಮಾನ್‌ಸ್ಟೆರಾ ಎಂಬ ಈ ತೂತು ಎಲೆಯ ಗಿಡಕ್ಕೆ ನಮ್ಮ ಪಡಸಾಲೆ ಸರಿಯಾಗಿಯೇ ಒಗ್ಗುತ್ತದೆ ಅನ್ನುವುದು ನನ್ನ ವಾದ.

ಈ ಗಿಡದ ತವರು ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಕಾಡು. ಅಲ್ಲಿ ದೊಡ್ಡ ದೊಡ್ಡ ಮರಗಳ ಕೆಳಗೆ ನೆಲದ ಮೇಲೆ ಮಧ್ಯಾಹ್ನವೂ ಮಬ್ಬು. ಸಸಿ ಅಂದಮೇಲೆ ಬೆಳಕಿನ ಕಡೆ ಬಾಗಬೇಕಲ್ವಾ? ಮಾನ್‌ಸ್ಟೆರಾ ಕುಲದ ಒಂದು ಬಳ್ಳಿಯ ಸಸಿಗಳು ಉಲ್ಟಾ ಕತ್ತಲಿನ ಕಡೆಗೇ ತೆವಳುತ್ತವೆ ಅಂತ 1975ರಲ್ಲಿ ಸ್ಟ್ರಾಂಗ್ ಮತ್ತು ರೇ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿದರು. ಕಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕತ್ತಲು ಕಾಣುವುದು ದಪ್ಪ ಮರದ ಬುಡದಲ್ಲಿ. ಮರ ಸಿಕ್ಕಿತೋ, ಅದನ್ನು ತಬ್ಬಿ ಮೇಲಕ್ಕೆ ಹತ್ತುವುದು. ಬೆಳಕಿನ ಯೋಚನೆ ಆಮೇಲೆ. ಬೇಸಿಗೆಯಲ್ಲಿ ಬಳ್ಳಾರಿಯವರು ರಸ್ತೆ ದಾಟುವುದೂ ಹೀಗೇ, ಮೊದಲು ಎದುರು ಬದಿಯ ನೆರಳು ನೋಡಿಕೊಂಡು.

ಹಾಗಂತ ಅಟ್ಟದ ಮೂಲೆಯಲ್ಲಿ ಇಟ್ಟರೆ ನಡೆಯುವುದಿಲ್ಲ. ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ, ಬೆಳಕೇ ಇಲ್ಲದಿದ್ದರೆ ತೂತಿಲ್ಲದ ಚಿಕ್ಕ ಎಲೆ ಬಿಟ್ಟು ಸುಮ್ನೆ ಉದ್ದಕ್ಕೆ ಚಾಚುತ್ತದೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಮಧ್ಯಾಹ್ನ ಎಲ್ಲಿ ಬೀಳುತ್ತದೆ ನೋಡಿ, ಅಲ್ಲಿಂದ ಎರಡು ಮಾರು ಈಚೆ ಕುಂಡ ಇಡಬೇಕು. ವರ್ಷಗಟ್ಟಲೆ ಅದೇ ಮನೆಯಲ್ಲಿದ್ದೂ ಈ ಕೋಲು ತಿಂಗಳಿಂದ ತಿಂಗಳಿಗೆ ಎಷ್ಟು ಸರಿಯುತ್ತದೆ ಅಂತ ನಾನು ಗಮನಿಸಿದ್ದು ಗಿಡ ಬಂದ ಮೇಲೆಯೇ.

ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ತೂತಿನ ಮೇಲೆ. "ಏನವ್ವಾ, ಎಲೀನೆಲ್ಲ ಹುಳ ತಿಂದಾವಲ್ಲ, ಎಣ್ಣಿ ಹೊಡೀಬಾರ್ದೇನು?" ಅಂತ ಓಣಿಯ ಅಜ್ಜಿ. ಹರಕು ಎಲೆ ಮನೆಗೆ ಆಗಿಬರಲ್ಲ, ಊಟಕ್ಕೂ ನಾವು ಹರಿದ ಬಾಳೆ ಎಲೆ ಹಾಕಲ್ಲ ಅಂತ ಇನ್ನೊಬ್ಬರು. ಅಜ್ಜಿಗೆ ನಾನು ಹೊಸ ಎಲೆ ತೋರಿಸಿದೆ. ಆಗ ತಾನೇ ಹೊರಬಂದಿತ್ತು, ಬಿಗಿಯಾಗಿ ಸುತ್ತಿಕೊಂಡು, ತಿಳಿ ಹಸಿರು, ಮುಟ್ಟಿದರೆ ತಣ್ಣಗೆ, ಮೇಣ ಸವರಿದ ಹಾಗೆ. ಒಂದು ಅಂಚು ಮಾತ್ರ ಬಿಡಿಸಿಕೊಂಡಿತ್ತು. ಅಷ್ಟರಲ್ಲೇ ತೂತು ಕಾಣುತ್ತಿತ್ತು! ಎಲೆ ಇನ್ನೂ ಮೊಗ್ಗಿನೊಳಗೆ ಇರುವಾಗಲೇ ಅಲ್ಲಲ್ಲಿ ಜೀವಕೋಶಗಳು ತಾವಾಗಿಯೇ ಸಾಯುತ್ತವೆ, ಅಲ್ಲಿ ತೂತಾಗುತ್ತದೆ. ಬಿಚ್ಚಿದ ಮೇಲೆ ಹೊಸ ತೂತು ಬೀಳುವುದಿಲ್ಲ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಹೊಟ್ಟ್ಯಾಗಿಂದಾನ ಹಿಂಗ ಬರ್ತೈತೇನು!" ಅಂದರು.

ತೂತು ಯಾಕೆ ಅನ್ನುವುದಕ್ಕೆ ಗಾಳಿಯ ಲೆಕ್ಕ, ಮಳೆಯ ಲೆಕ್ಕ ಹೇಳುವವರಿದ್ದಾರೆ. ನನಗೆ ಹಿಡಿಸಿದ್ದು 2013ರಲ್ಲಿ ಕ್ರಿಸ್ಟೋಫರ್ ಮ್ಯೂರ್ ಎಂಬ ಸಂಶೋಧಕ ಮುಂದಿಟ್ಟ ವಿವರಣೆ. ಕಾಡಿನೊಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಬಿದ್ದ ಜಾಗದಲ್ಲಿ ನಿಲ್ಲುವುದೂ ಇಲ್ಲ. ಇರುವಷ್ಟೇ ಎಲೆಯನ್ನು ನಡುನಡುವೆ ತೂತು ಬಿಟ್ಟು ಅಗಲಕ್ಕೆ ಹರಡಿದರೆ ಯಾವುದಾದರೂ ಒಂದು ಚುಕ್ಕೆ ಸಿಕ್ಕೇ ಸಿಗುತ್ತದೆ. ಒಂದೇ ಸಲ ಜಾಸ್ತಿ ಬಾಚಿಕೊಳ್ಳುವ ಆಸೆ ಬಿಟ್ಟು ದಿನಾ ಇಷ್ಟಿಷ್ಟು ಗಳಿಸುವ ಉಪಾಯ.

ಗಾಳಿಯಲ್ಲಿ ತೇವ ಬೇಕು ಅನ್ನುವುದು ಈ ಗಿಡದ ದೊಡ್ಡ ಬೇಡಿಕೆ. ಏಪ್ರಿಲ್ ತಿಂಗಳ ಬಳ್ಳಾರಿ ಗಾಳಿಯಲ್ಲಿ ಒಗೆದ ಧೋತರ ಅರ್ಧ ಗಂಟೆಯಲ್ಲಿ ಹಪ್ಪಳವಾಗುತ್ತದೆ, ತೇವ ಎಲ್ಲಿಂದ ತರೋದು? ಕೂಲರ್ ಇದೆಯಲ್ಲ! ಅದು ಗಾಳಿ ತಂಪು ಮಾಡುವುದೇ ನೀರನ್ನು ಆವಿ ಮಾಡಿ. ಎಸಿ ಕೋಣೆಯ ತೇವ ಹೀರಿದರೆ ಕೂಲರ್ ತೇವ ತುಂಬುತ್ತದೆ. ಕೂಲರ್ ಗಾಳಿ ನೇರ ಬಡಿಯದ ಹಾಗೆ ಪಕ್ಕಕ್ಕೆ ಇಟ್ಟರೆ ಗಿಡಕ್ಕೆ ಮೆಕ್ಸಿಕೋ ನೆನಪೇ ಬರಲಿಕ್ಕಿಲ್ಲ. ಕೂಲರ್ ಯಾರ ಕಡೆ ತಿರುಗಬೇಕು ಅಂತ ಮನೆಯಲ್ಲಿ ಮೊದಲೇ ವ್ಯಾಜ್ಯ ಇತ್ತು, ಈಗ ಇನ್ನೊಬ್ಬ ಪಾಲುದಾರ ಬಂದ ಹಾಗಾಯಿತು.

ಆದರೆ ಕೂಲರ್ ತಳದ ನೀರನ್ನು ಮಾತ್ರ ಕುಂಡಕ್ಕೆ ಸುರಿಯಬೇಡಿ. ನೀರು ಆವಿಯಾದ ಹಾಗೆಲ್ಲ ಉಪ್ಪು ತಳದಲ್ಲೇ ಉಳಿಯುತ್ತದೆ. ಕೂಲರ್ ಹುಲ್ಲಿಗೆ ಹತ್ತಿರುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ. ಆರ್‌ಓ ಯಂತ್ರ ಹೊರಗೆ ಬಿಡುವ ನೀರೂ ಅಷ್ಟೇ. ಬೋರಿನ ಸವುಳು ನೀರಿಗೇ ಎಲೆ ತುದಿ ಕಂದಾಗುತ್ತದೆ. ನಳದಲ್ಲಿ ಬರುವ ತುಂಗಭದ್ರೆ ನೀರು ಒಳ್ಳೆಯದು, ಬಂದ ದಿನ.

ಮಣ್ಣಿನ ವಿಷಯದಲ್ಲಿ ನಮ್ಮ ಎರೆಗೆ ಎಷ್ಟೇ ಹೆಸರಿರಲಿ, ಕುಂಡಕ್ಕೆ ಬೇಡ. ಹತ್ತಿಗೆ ಬಂಗಾರ, ನೀರು ಹಿಡಿದಿಟ್ಟುಕೊಂಡು ಮಾನ್‌ಸ್ಟೆರಾದ ಬೇರು ಕೊಳೆಸುತ್ತದೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ, ಜೊತೆಗೆ ಸಿರುಗುಪ್ಪ ಕಡೆಯ ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟನ್ನು ಕಪ್ಪಾಗಿ ಸುಟ್ಟು ಬೆರೆಸಿದರೆ ಮಣ್ಣು ಸಡಿಲವಾಗಿರುತ್ತದೆ. ಹತ್ತಲು ಒಂದು ಪೈಪಿಗೆ ತೆಂಗಿನ ಹಗ್ಗ ಸುತ್ತಿ ನೆಟ್ಟರಾಯಿತು. ಬಿಳಲುಗಳನ್ನು ಕತ್ತರಿಸಬೇಡಿ, ಹಗ್ಗದ ಕಡೆ ತಿರುಗಿಸಿ. ಮಕ್ಕಳು, ಬೆಕ್ಕು ಎಲೆ ಕಚ್ಚದಂತೆ ನೋಡಿಕೊಳ್ಳಿ. ಇದು ಕೆಸುವಿನ ಬಳಗದ್ದು, ಬಾಯಿ ಉರಿಯುವುದೂ ಅದರ ಹಾಗೇ.

ಇನ್ನು ಧೂಳು. ಅದಿರಿನ ಲಾರಿ ಓಡಾಡುವ ಊರಲ್ಲಿ ಎಷ್ಟೇ ಬಾಗಿಲು ಹಾಕಿದರೂ ಎಲೆ ಮೇಲೆ ಕೆಂಪು ಪುಡಿ ಕೂರುತ್ತದೆ, ಬೆಳಕನ್ನು ತಡೆಯುತ್ತದೆ. ವಾರಕ್ಕೊಮ್ಮೆ ಹಳೆ ಪಂಚೆಯ ತುಂಡು ನೆನೆಸಿ, ಎಡ ಅಂಗೈ ಎಲೆ ಕೆಳಗಿಟ್ಟು, ತೊಟ್ಟಿನಿಂದ ತುದಿಗೆ ಒರೆಸುವುದು. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಮನೆಯಲ್ಲಿ ನಾನು ಬೇಸರವಿಲ್ಲದೆ ಮಾಡುವ ಒರೆಸುವ ಕೆಲಸ ಇದೊಂದೇ.

ಊರಿಗೆ ಹೋಗುವಾಗ ಮಾತ್ರ ಫಜೀತಿ. ಬೀಗದ ಕೈ ಪಕ್ಕದ ಮನೆ ಅಕ್ಕನ ಹತ್ತಿರ ಕೊಟ್ಟು, "ಮಣ್ಣೊಳಗೆ ಬೆರಳು ಇಟ್ಟು ನೋಡಿ ಅಕ್ಕಾ, ತೇವ ಇದ್ದರೆ ನೀರು ಹಾಕಬೇಡಿ" ಅಂತ ಹೇಳಿ ಹೋಗುತ್ತೇನೆ. ಬಾಗಿಲಲ್ಲಿ ಅರವಟಿಗೆ ಇಡುವ ಜನ ನಮ್ಮವರು, ಬೇಸಿಗೆಯಲ್ಲಿ ನೀರು ಕೊಡಬೇಡ ಅಂದರೆ ಕೇಳುತ್ತಾರೆಯೇ? ಬಂದು ನೋಡಿದರೆ ಕುಂಡದ ಕೆಳಗಿನ ತಟ್ಟೆ ತುಂಬ ನೀರು. "ಪಾಪ, ಬಾಯಿಲ್ಲದ್ದು. ಇಂಥಾ ಬಿಸಲಾಗ ಹ್ಯಾಂಗ ಬಿಡಾದು?" ಅನ್ನುತ್ತಾರೆ ಅಕ್ಕ. ಹೌದಕ್ಕಾ ಅಂತ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಚೆಲ್ಲುತ್ತೇನೆ.