ಕೆರೆಗೆ ಬಿಡುವ ಸಲಹೆ ಸರಿಯಲ್ಲ
ಹುಟ್ಟುಹಬ್ಬಕ್ಕೆ ಹೇಳದೆ ಕೇಳದೆ ಉಡುಗೊರೆಯಾಗಿ ಬಂದ ಆಮೆಮರಿಯನ್ನು ಸಾಕಲಾಗದಿದ್ದರೆ ಹತ್ತಿರದ ಕೆರೆಗೆ ಬಿಡಬಹುದೆಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟಿರುವ ಸಲಹೆಯನ್ನು ಒಪ್ಪಲಾಗದು. ಅಂಗಡಿಗಳಲ್ಲಿ ಹೆಚ್ಚಾಗಿ ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ರೆಡ್ ಇಯರ್ಡ್ ಸ್ಲೈಡರ್ ಎಂಬ ಆಮೆ ಅಮೆರಿಕ ಮೂಲದ್ದು. ಅಂಗೈಯಲ್ಲಿ ಹಿಡಿಸುವ ಮರಿ ಬೆಳೆದು 25 ಸೆಂ.ಮೀ. ದಾಟಬಲ್ಲದು, 20-30 ವರ್ಷ ಬದುಕಬಲ್ಲದು, ಕೆರೆ ಸೇರಿದರೆ ನಮ್ಮ ನಾಡಿನ ಆಮೆಗಳ ಆಹಾರಕ್ಕೂ ಅವು ಬಿಸಿಲು ಕಾಯಿಸಿಕೊಳ್ಳುವ ಜಾಗಕ್ಕೂ ಪೈಪೋಟಿಗಿಳಿಯುತ್ತದೆ. ಕೊಟ್ಟವರಿಗೆ ಬೇಸರವಾದರೂ ಚಿಂತೆಯಿಲ್ಲ, ಅವರ ಮೂಲಕವೇ ಅಂಗಡಿಗೆ ಹಿಂದಿರುಗಿಸಲು ಯತ್ನಿಸಬೇಕು. ಆಗದಿದ್ದರೆ ಪ್ರಾಣಿ ಪುನರ್ವಸತಿ ಕೇಂದ್ರವನ್ನೋ ಅನುಭವವುಳ್ಳ ಸಾಕುವವರನ್ನೋ ವಿಚಾರಿಸಬೇಕು. ಬೆನ್ನ ಮೇಲೆ ನಕ್ಷತ್ರದ ಗುರುತಿರುವ ಆಮೆಯಾದರೆ ಮಾತೇ ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾದ್ದರಿಂದ ತಡಮಾಡದೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು.