ಮೊದಲು ಕೋಳಿ ತನ್ನಿ, ಗಿನಿ ಕೋಳಿ ಆಮೇಲೆ

ಮನೆಯಲ್ಲಿ ಕೋಳಿ ಸಾಕಲು ಹೊರಟವರಲ್ಲಿ ಹಲವರು ಮೊದಲ ದಿನವೇ ಗಿನಿ ಕೋಳಿಯನ್ನೂ ಕೇಳುತ್ತಾರೆ. ಹಾವು ಕಂಡರೆ ಕೂಗಿ ಎಚ್ಚರಿಸುತ್ತವೆ, ಉಣುಗು, ಮಿಡತೆ ತಿನ್ನುತ್ತವೆ, ಚುಕ್ಕಿ ಗರಿ ನೋಡಲು ಚೆಂದ. ಎಲ್ಲ ನಿಜ. ಆದರೂ ಮೊದಲ ವರ್ಷ ಬರೀ ಕೋಳಿ ಸಾಕಿ ಅಂತಲೇ ನಾನು ಹೇಳುವುದು.

ಕಾರಣ ಇದೆ. ಕತ್ತಲಾದರೆ ಕೋಳಿ ತಾನಾಗಿ ಗೂಡಿಗೆ ಬರುತ್ತದೆ. ಗಿನಿ ಕೋಳಿಯನ್ನು ಅದರ ಪಾಡಿಗೆ ಬಿಟ್ಟರೆ ಮರ ಹತ್ತಿ ಕೂರುತ್ತದೆ. ಕೋಳಿಗೆ ತೋರಿಸಿದ ಜಾಗದಲ್ಲಿ ಮೊಟ್ಟೆ ಇಡುವ ಅಭ್ಯಾಸ ಮಾಡಿಸಬಹುದು, ಗಿನಿ ಕೋಳಿ ಪೊದೆಯೊಳಗೆ ಬಚ್ಚಿಡುತ್ತದೆ. ಹಕ್ಕಿಯ ಸ್ವಭಾವ ಅರ್ಥವಾಗುವ ಮೊದಲೇ ಎರಡನ್ನೂ ತಂದರೆ ಸುಮ್ನೆ ಹಕ್ಕಿಗಳ ಜೀವ ಹೋಗುತ್ತದೆ. ನನಗೆ ಬೇಸರ ಆಗುವುದು ಅದಕ್ಕೇ.

ಮರಿ ತರುವ ಮೊದಲು ಗೂಡು ಮುಗಿದಿರಬೇಕು. ದೊಡ್ಡ ಕೋಳಿಯೊಂದಕ್ಕೆ ಗೂಡಿನೊಳಗೆ 3-4 ಚದರ ಅಡಿ ಇರಲಿ. ತೆಳು ಕೋಳಿ ಬಲೆಯನ್ನು ನಂಬಬೇಡಿ. ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಇಲಿ ಮುಂಗುಸಿಯನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಬೇಕು. ಗಾಳಿಗಿಂಡಿ ಕೂತ ಕೋಳಿಯ ತಲೆಗಿಂತ ಮೇಲಿರಲಿ. ಒಳಗೆ ಹೋದಾಗ ಮೂಗಿಗೆ ಘಾಟು ಹೊಡೆದರೆ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿದೆ ಎಂದರ್ಥ. ರಕ್ತಭೇದಿ ಹರಡುವುದೂ ಇಂಥ ಒದ್ದೆಯಲ್ಲೇ.

ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಆದರೆ ಥರ್ಮಾಮೀಟರ್‌ಗಿಂತ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಸರಿದು ಬಾಯಿ ಬಿಡುತ್ತಿದ್ದರೆ ಸೆಕೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಪಶುವೈದ್ಯರ ಹತ್ತಿರ ಕೇಳಿ, ಮೊದಲ ವಾರದಲ್ಲೇ ಹಾಕಿಸಿ. ಇದನ್ನು ಮುಂದಕ್ಕೆ ಹಾಕಬೇಡಿ. ಇನ್ನು ಬರೀ ಮೊಟ್ಟೆಗಾದರೆ ಹುಂಜ ಬೇಕಿಲ್ಲ.

ಒಂದು ವರ್ಷ ಹೀಗೆ ಕೈ ಪಳಗಿತೇ? ಈಗ ಗಿನಿ ಕೋಳಿ ತನ್ನಿ. ಆದರೆ ಪಕ್ಕದ ಮನೆಯವರನ್ನು ಮೊದಲು ಕೇಳಿ. ಅವುಗಳ ಗಲಾಟೆ ತುಂಬಾ ಜಾಸ್ತಿ. ಹೆಣ್ಣಿನ ಕೂಗಿನಲ್ಲಿ ಎರಡು ಸ್ವರ ಕೇಳುತ್ತದೆ, ಗಂಡಿನದರಲ್ಲಿ ಒಂದೇ. ಗಂಡು ಹೆಣ್ಣು ಗುರುತಿಸಲು ಅದೇ ಸುಲಭದ ದಾರಿ.

ಕೋಳಿ ಮೊಟ್ಟೆ 21 ದಿನಕ್ಕೆ ಒಡೆದರೆ ಗಿನಿ ಮೊಟ್ಟೆಗೆ 26ರಿಂದ 28 ದಿನ. ಕಾವಿಗೆ ಕೂತ ಕೋಳಿಯ ಕೆಳಗೇ ಇಡಬಹುದು. ಗಿನಿ ತಾಯಿಯಾದರೆ ಎಳೆ ಮರಿಗಳನ್ನು ಇಬ್ಬನಿಯ ಹುಲ್ಲಿನಲ್ಲಿ ಎಳೆದುಕೊಂಡು ಹೋಗುತ್ತದೆ. ನೆನೆದ ಮರಿ ಚಳಿ ಹಿಡಿದು ಸಾಯುತ್ತದೆ. ನೀರಿನ ತಟ್ಟೆಯಲ್ಲೂ ಮುಳುಗಿ ಹೋಗುತ್ತವೆ, ಅದಕ್ಕೆ ಬೆಣಚುಕಲ್ಲು ತುಂಬಿಡಿ. ಕೋಳಿಮರಿಯ ಮೇವು ಇವಕ್ಕೆ ಸಾಲದು. ಮೊದಲ ವಾರಗಳಲ್ಲಿ ಶೇಕಡಾ 24ಕ್ಕಿಂತ ಕಡಿಮೆ ಇಲ್ಲದ ಪ್ರೋಟೀನ್ ಬೇಕು.

ಒಂದು ಜೋಡಿ ಸಾಕು ಎನ್ನಬೇಡಿ, ಇವು ಗುಂಪಿನ ಹಕ್ಕಿ. ಐದಾರಾದರೂ ಇರಲಿ. ದೊಡ್ಡ ಹಕ್ಕಿ ತಂದರೆ ಆರು ವಾರ ಗೂಡಿನಲ್ಲೇ ಕೂಡಿಹಾಕಿ. ಬಿಡುವಾಗಲೂ ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಮೊದಲು ಒಂದೆರಡನ್ನು ಬಿಡಿ. ಒಳಗಿರುವವು ಕೂಗುತ್ತಲೇ ಇರುತ್ತವೆ, ಹೊರಗಿನವು ಆ ಕೂಗು ಬಿಟ್ಟು ದೂರ ಹೋಗುವುದಿಲ್ಲ. ಸಂಜೆ ಕಾಳು ಎರಚಿ ಒಳಗೆ ಕರೆದುಕೊಳ್ಳಿ, ಮರುದಿನ ಬೇರೆ ಎರಡನ್ನು ಬಿಡಿ.