ಕೇಬಲ್ ಹೋಗಿಲ್ಲ ಮಾವ, ಮುಗಿದೇ ಹೋಯ್ತು

ಈಚೆಗೆ ಒಂದು ಚಳಿಗಾಲದಲ್ಲಿ ನನ್ನ ಮಾವ ಆರು ತಿಂಗಳಿಗೆಂದು ನ್ಯೂಜೆರ್ಸಿಗೆ ಬಂದಿದ್ದರು. ಹೊನ್ನಾವರದ ಕಡೆಯವರು. ಹೊರಗೆ ಹಿಮ, ಒಳಗೆ ಹೀಟರ್, ಮಾಡಲು ಕೆಲಸವಿಲ್ಲ. ಊರಿನ ಸುದ್ದಿ ಚಾನೆಲ್‌ಗಳ ಕಿರುಚಾಟ ಸಾಕಾದ ಮೇಲೆ ಒಂದು ದಿನ "ನೀವಿರೋ ಈ ಊರಿನ ಕಥೆ ಯಾವುದಾದ್ರೂ ಇದ್ರೆ ಹಾಕಿ ನೋಡೋಣ" ಎಂದರು. ನಾನು ಹಿಂದೆಮುಂದೆ ನೋಡದೆ ನ್ಯೂಜೆರ್ಸಿಯ ಮಾಫಿಯಾ ನಾಯಕನೊಬ್ಬನ ಕಥೆ 'ದಿ ಸೊಪ್ರಾನೋಸ್' ಹಾಕಿಬಿಟ್ಟೆ. ಮಾವನ ಪಕ್ಕ ಕೂತು ನೋಡುವ ಸೀರಿಯಲ್ ಅಲ್ಲ ಅದು ಅಂತ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಬಾಡಾ ಬಿಂಗ್ ಎಂಬ ಬೆತ್ತಲೆ ಕುಣಿತದ ಕ್ಲಬ್ಬಿನ ದೃಶ್ಯ ಬಂದಾಗಲೆಲ್ಲ ನನಗೆ ಬಾಯಾರಿಕೆಯಾಗುತ್ತಿತ್ತು. ಅವರಿಗೆ ಕನ್ನಡಕ ಒರೆಸುವ ಕೆಲಸ ಬರುತ್ತಿತ್ತು. ಹೀಗೆ 86 ಕಂತು ಮುಗಿಸಿದೆವು.

ಕೊನೆಯ ಕಂತಿನ ಕೊನೆಯ ಗಳಿಗೆ. ಹೋಟೆಲೊಂದರಲ್ಲಿ ಮನೆಯವರ ಜೊತೆ ಕೂತ ನಾಯಕ ಟೋನಿ ಸೊಪ್ರಾನೋ ತಲೆ ಎತ್ತಿ ನೋಡುತ್ತಾನೆ. ಅಷ್ಟೇ. ಪರದೆ ಕಪ್ಪು. ಹಾಡೂ ಅರ್ಧಕ್ಕೆ ಕಡಿದುಹೋಯಿತು. ಮಾವ ರಿಮೋಟ್ ಎತ್ತಿ ಎರಡು ಸಲ ಒತ್ತಿದರು. ಅಂಗೈಗೆ ಬಡಿದು ಮತ್ತೆ ಒತ್ತಿದರು. "ಕರೆಂಟ್ ಇದೆ, ಕೇಬಲ್ ಹೋಯ್ತಾ?"

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ 2007ರ ಜೂನ್ 10ರ ಭಾನುವಾರ ರಾತ್ರಿ ನಾವೂ ಇದನ್ನೇ ಮಾಡಿದ್ದೆವು. ಆಗ ಜೆರ್ಸಿ ಸಿಟಿಯ ಒಂದು ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ ಹುಡುಗರು. ಅದು ಬರುತ್ತಿದ್ದ ಎಚ್‌ಬಿಒ ಚಾನೆಲಿನ ದುಡ್ಡನ್ನು ಹಂಚಿಕೊಂಡು ಕಟ್ಟುತ್ತಿದ್ದೆವು. ಪರದೆ ಕಪ್ಪಾದ ಕೂಡಲೇ ಒಬ್ಬ ಟಿವಿ ಹಿಂದೆ ಕೈ ಹಾಕಿ ವೈರ್ ಅಲ್ಲಾಡಿಸಿದ. ಇನ್ನೊಬ್ಬ ಮೂರನೆಯವನಿಗೆ, "ಬಿಲ್ ಕಟ್ಟಿದೀಯಾ ಇಲ್ವಾ?" ಎಂದು ರೇಗಿದ. ಸುಮಾರು 10 ಸೆಕೆಂಡ್ ಹಾಗೇ ಕತ್ತಲು. ಆಮೇಲೆ ಸದ್ದಿಲ್ಲದೆ ಹೆಸರುಗಳು ಮೇಲೇರತೊಡಗಿದವು. ಆ ರಾತ್ರಿ ನೋಡುತ್ತಿದ್ದವರು 1 ಕೋಟಿ 19 ಲಕ್ಷ ಜನ. ಅವರಲ್ಲಿ ಎಷ್ಟು ಜನ ಎದ್ದುಹೋಗಿ ವೈರ್ ಅಲ್ಲಾಡಿಸಿದರೋ.

ಮರುದಿನ ಆಫೀಸಿನಲ್ಲಿ ಊಟದ ಹೊತ್ತು ಒಂದು ಕೋರ್ಟೇ ಶುರುವಾಯಿತು. ಟೋನಿ ಸತ್ತನಾ, ಬದುಕಿದನಾ? ನನ್ನ ಸಹೋದ್ಯೋಗಿ ಒಬ್ಬ ಇಟಾಲಿಯನ್ ಮನೆತನದವನು, ನ್ಯೂಅರ್ಕ್‌ನಲ್ಲಿ ಬೆಳೆದವನು. ಅವನ ಪ್ರಕಾರ ಕೇಸ್ ಸರಳ. ಆ ಹೋಟೆಲಿನ ಬಾಗಿಲಿಗೆ ಒಂದು ಗಂಟೆಯಿದೆ. ಗಂಟೆ ಸದ್ದಾಗುತ್ತದೆ, ಟೋನಿ ತಲೆ ಎತ್ತುತ್ತಾನೆ, ಅವನು ಏನು ನೋಡಿದನೋ ಅದನ್ನು ನಮಗೆ ತೋರಿಸುತ್ತಾರೆ. ಹೆಂಡತಿ ಕಾರ್ಮೆಲಾ ಬಂದಾಗಲೂ ಹೀಗೇ. ಕೊನೆಯ ಸಲ ಗಂಟೆ ಸದ್ದಾಗುತ್ತದೆ, ಅವನು ತಲೆ ಎತ್ತುತ್ತಾನೆ, ಅವನಿಗೆ ಕಾಣಿಸಿದ್ದು ಕತ್ತಲು. ಅಂದರೆ ಗುಂಡು ಬಿದ್ದಾಗಿದೆ. ಇದಕ್ಕೆ ಪೂರಕ ಸಾಕ್ಷಿಗಳು ಬೇರೆ. ಮಗನ ಮುಂದೆಯೇ ಒಳಗೆ ಬಂದು ಕೌಂಟರಿನಲ್ಲಿ ಕೂತ 'ಮೆಂಬರ್ಸ್ ಓನ್ಲಿ' ಬ್ರ್ಯಾಂಡಿನ ಜಾಕೆಟ್ಟಿನವನು ಎದ್ದು ರೆಸ್ಟ್‌ರೂಮಿಗೆ ಹೋಗುತ್ತಾನೆ. 'ಗಾಡ್‌ಫಾದರ್' ನೋಡಿದವರಿಗೆ ರೆಸ್ಟ್‌ರೂಮಿನಿಂದ ಪಿಸ್ತೂಲು ಹೊರಬರುತ್ತದೆ ಅಂತ ಗೊತ್ತಲ್ಲ. ಮೊದಲೊಂದು ಕಂತಿನಲ್ಲಿ ದೋಣಿಯಲ್ಲಿ ಕೂತು ಭಾವಮೈದುನ ಬಾಬಿ ಬೇರೆ ಹೇಳಿದ್ದ, ಗುಂಡು ತಗಲುವಾಗ ಬಹುಶಃ ಸದ್ದು ಕೂಡ ಕೇಳಿಸುವುದಿಲ್ಲ ಅಂತ.

ಎದುರು ಪಾರ್ಟಿಯೂ ಸುಮ್ಮನಿರಲಿಲ್ಲ. ಟೋನಿಯನ್ನು ಕೊಲ್ಲಿಸಲು ಹೊರಟಿದ್ದ ನ್ಯೂಯಾರ್ಕ್ ಗ್ಯಾಂಗಿನ ಫಿಲ್ ಲಿಯೊಟಾರ್ಡೊ ಆಗಲೇ ಸತ್ತಿದ್ದಾನೆ, ನ್ಯೂಯಾರ್ಕಿನವರ ಜೊತೆ ರಾಜಿಯಾಗಿದೆ, ಹಾಗಿದ್ದರೆ ಜಾಕೆಟ್ಟಿನವನನ್ನು ಕಳಿಸಿದ್ದು ಯಾರು? ಟೋನಿಯಂಥವನಿಗೆ ಪ್ರತಿ ಬಾಗಿಲಿನ ಸದ್ದೂ ಹೀಗೇ ಕೇಳಿಸುತ್ತದೆ, ಅದನ್ನೇ ತೋರಿಸಿದ್ದು ಎನ್ನುವುದು ಅವರ ವಾದ.

ಈ ಸೀರಿಯಲ್ ಹುಟ್ಟುಹಾಕಿ, ಕೊನೆಯ ಕಂತನ್ನು ತಾನೇ ಬರೆದು ನಿರ್ದೇಶಿಸಿದ ಡೇವಿಡ್ ಚೇಸ್‌ನನ್ನು ಇವರು ವರ್ಷಗಟ್ಟಲೆ ಬಿಡಲಿಲ್ಲ. 2014ರಲ್ಲಿ ಅವನು ಟೋನಿ ಸತ್ತಿಲ್ಲ ಎಂದಿದ್ದಾನೆ ಅಂತ ಒಂದು ಬರಹ ಬಂತು. ನನ್ನ ಮಾತನ್ನು ತಪ್ಪಾಗಿ ತಿಳಿದಿದ್ದಾರೆ ಎಂದು ಅವನ ಕಡೆಯಿಂದ ತಕ್ಷಣ ಹೇಳಿಕೆ ಬಂತು. ಮುಂದೊಂದು ಸಂದರ್ಶನದಲ್ಲಿ ಮಾತಿನ ಭರದಲ್ಲಿ "ಆ ಸಾವಿನ ದೃಶ್ಯ" ಎಂದುಬಿಟ್ಟ. 2021ರಲ್ಲಿ ಇನ್ನೂ ಬಿಡಿಸಿ ಹೇಳಿದ. ಶುರುವಿನ ಹಾಡಿನಲ್ಲಿ ಟೋನಿ ಲಿಂಕನ್ ಟನೆಲ್‌ನಿಂದ ಜೆರ್ಸಿಗೆ ಬರುತ್ತಾನಲ್ಲ, ಕೊನೆಗೆ ಅದೇ ಟನೆಲ್‌ನಲ್ಲಿ ನ್ಯೂಯಾರ್ಕ್ ಕಡೆ ಒಂದು ಮೀಟಿಂಗಿಗೆ ಹೋಗಿ ಸಾಯುವುದು ಅಂತ ಮೊದಲು ಯೋಚಿಸಿದ್ದನಂತೆ. (ಆ ದಾರಿಯ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಬೆಳಗಿನ ಹೊತ್ತು ಹೋಗುವವರಿಗೆ ಸಾಯುವ ಯೋಚನೆ ಬರುವುದು ಸಹಜವೇ ಬಿಡಿ.) ಇಷ್ಟು ಹೇಳಿದ ಮೇಲಾದರೂ ಜಗಳ ನಿಂತಿತಾ? ಇಲ್ಲ. "ಅವನು ಹೇಳಿದ್ದು ಅವನ ಅಭಿಪ್ರಾಯ" ಎಂದ ನನ್ನ ಸಹೋದ್ಯೋಗಿಯ ಎದುರು ಪಾರ್ಟಿ.

ಇಲ್ಲಿಯವರ ಈ ಹಟ ನನಗೆ ಇಷ್ಟ. ಬರೆದವನ ಮಾತನ್ನೂ ಸಾಕ್ಷಿ ಕಟಕಟೆಗೆ ಹತ್ತಿಸುತ್ತಾರೆ. ಆದರೆ ಕೊನೆಯ ಕಂತು ಬಂದ ಆ ವಾರದ ಕೊನೆಗೆ ಕನ್ನಡದ ಗೆಳೆಯರ ಮನೆಯೊಂದರಲ್ಲಿ ಊಟಕ್ಕೆ ಸೇರಿದಾಗ ಇದೇ ಮಾತು ಬಂತು. ಅಲ್ಲಿ ಗಂಟೆಯನ್ನಾಗಲಿ ಜಾಕೆಟ್ಟನ್ನಾಗಲಿ ಯಾರೂ ಎತ್ತಲಿಲ್ಲ. "ಸತ್ತ ಅಂತಲೇ ಇಟ್ಕೊಳ್ಳಿ, ಆಮೇಲೆ ಅವಳು ಮನೆ ಹೇಗೆ ನಡೆಸ್ತಾಳೆ?" ಎಂದರು ಒಬ್ಬರು. "ಆ ಮಗ ಒಂದು ಕೆಲಸ ಅಂತ ಮಾಡಿದವನಲ್ಲ." "ಮಗಳು ಲಾಯರ್ ಆಗ್ತಾಳಾ?" ಅಮೆರಿಕದವರು ಕೇಳುವುದು ಆಗ ಏನಾಯ್ತು ಅಂತ. ನಾವು ಕೇಳುವುದು ಆಮೇಲೆ ಏನಾಯ್ತು ಅಂತ.

ನಮ್ಮದು ಹಳೆಯ ಚಾಳಿ. ಕುಮಾರವ್ಯಾಸ ಭಾರತವನ್ನು 10 ಪರ್ವಕ್ಕೆ ನಿಲ್ಲಿಸಿದ. ಯಾಕೆ ನಿಲ್ಲಿಸಿದ ಎಂದು ಪಂಡಿತರು ಮಾತಾಡಿಕೊಂಡಿರಬಹುದು. ಆದರೆ ಕೃಷ್ಣದೇವರಾಯ ಮಾಡಿದ್ದೇನು? ತಿಮ್ಮಣ್ಣ ಕವಿಯಿಂದ ಉಳಿದ ಪರ್ವಗಳನ್ನು ಬರೆಸಿದ. ಅರ್ಧಕ್ಕೆ ನಿಂತ ಕಥೆಯ ಮುಂದೆ ಕೂತು ತಲೆ ಕೆಡಿಸಿಕೊಳ್ಳುವುದಕ್ಕಿಂತ ಅದನ್ನು ಮುಗಿಸಿಬಿಡುವುದು ನಮಗೆ ಸಲೀಸು. ಈಗಿನ ಸೀರಿಯಲ್‌ಗಳಲ್ಲಿ ಇದೇ ಗುಣ ಕೆಟ್ಟು ಕೆರ ಹಿಡಿದಿದೆ. ಮೂರು ವರ್ಷ ಎಳೆದ ಕಥೆಯನ್ನು ಚಾನೆಲ್‌ನವರು ಸಾಕು ಎಂದ ಕೂಡಲೇ ಒಂದೇ ವಾರದಲ್ಲಿ ಕಟ್ಟುತ್ತಾರೆ. ವಿಷ ಹಾಕಿದವಳು ಬುಧವಾರ ಅತ್ತು, ಗುರುವಾರ ಕ್ಷಮೆ ಕೇಳಿ, ಶುಕ್ರವಾರ ಮನೆಮಂದಿಯ ಜೊತೆ ಫೋಟೋಕ್ಕೆ ನಿಲ್ಲುತ್ತಾಳೆ. ಅದಕ್ಕಿಂತ ಕತ್ತಲೇ ವಾಸಿ.

ಅಮೆರಿಕದವರೂ ಒಂದು ಕಾಲದಲ್ಲಿ ಹೀಗೇ ಇದ್ದವರೇ. 1967ರಲ್ಲಿ 'ದಿ ಫ್ಯುಜಿಟಿವ್' ಮುಗಿದಾಗ ನಿಜವಾದ ಕೊಲೆಗಾರ ಒಂಟಿ ಕೈಯವನು ಸಿಕ್ಕಿಬಿದ್ದು, ಕೊಲೆ ಆರೋಪ ಹೊತ್ತು ಓಡುತ್ತಿದ್ದ ಡಾಕ್ಟರ್ ನಿರಪರಾಧಿ ಅಂತಾಗಿ, ದೇಶವೇ ನೆಮ್ಮದಿಯಾಗಿ ಮಲಗಿತು. ಆ ಅಭ್ಯಾಸ ಬಿಡಿಸಲು ಚೇಸ್ ಮೊದಲಿನಿಂದಲೇ ಪಾಠ ಹೇಳುತ್ತಿದ್ದ. ಮೂರನೇ ಸೀಸನ್‌ನಲ್ಲಿ ಪೈನ್ ಬ್ಯಾರನ್ಸ್ ಕಾಡಿನ ಹಿಮದಲ್ಲಿ ಒಬ್ಬ ರಷ್ಯನ್ ತಲೆಗೆ ಗುಂಡು ಬಿದ್ದ ಹಾಗಾದರೂ ತಪ್ಪಿಸಿಕೊಂಡು ಹೋದ. ಮತ್ತೆ ಬರಲೇ ಇಲ್ಲ. ಅವನೆಲ್ಲಿ, ಅವನೆಲ್ಲಿ ಎಂದು ಜನ ವರ್ಷಗಟ್ಟಲೆ ಕೇಳಿದರು. ಹಾಗೆಯೇ ಟೋನಿಯ ಮನೋವೈದ್ಯೆ ಡಾಕ್ಟರ್ ಮೆಲ್ಫಿಯ ಮೇಲೆ ಅತ್ಯಾಚಾರ ಮಾಡಿದವನು ಕೂಡ. ಒಂದು ಮಾತು ಟೋನಿಗೆ ಹೇಳಿದ್ದರೆ ಅವನ ಕಥೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ಅಲ್ಲಿ ಪಾಠ ಕಲಿಯದವರು ಕೊನೆಯ ಕಂತಿನಲ್ಲಿ ಮೋಸವಾಯಿತು ಎಂದು ಕೂಗಿದರೆ ಹೇಗೆ?

ಮೆಲ್ಫಿಯ ವಿಷಯ ಬಂದಿದ್ದು ಒಳ್ಳೆಯದಾಯಿತು. ನನ್ನ ವಾದ ನಿಂತಿರುವುದೇ ಅವಳ ಮೇಲೆ.

ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕೆಳಗೆ ಬರುವ ಅಕ್ಷರ ಓದಿಕೊಂಡು ನೋಡುತ್ತಿದ್ದರು. ಗುಂಡು, ಹೊಡೆದಾಟ ಬಂದಾಗ ತೂಕಡಿಸುತ್ತಿದ್ದರು. ಟೋನಿ ಮೆಲ್ಫಿಯ ಕೋಣೆಗೆ ಬಂದು ಕೂತ ಎಂದರೆ ಮಾತ್ರ ನೆಟ್ಟಗೆ ಕೂರುತ್ತಿದ್ದರು. ಎರಡು ಕುರ್ಚಿ, ಇಬ್ಬರು, ಬರೀ ಮಾತು. ಅವನು ತನ್ನ ತಾಯಿಯನ್ನು ದೂರುತ್ತಾನೆ, ಧಂಧೆಗೆ ಬೇರೆ ಬೇರೆ ಹೆಸರಿಟ್ಟು ಸಮರ್ಥಿಸಿಕೊಳ್ಳುತ್ತಾನೆ, ತಾನು ಸೈನಿಕ ಎನ್ನುತ್ತಾನೆ, ಅಳುತ್ತಾನೆ, ಮಾತು ತಿರುಚುತ್ತಾನೆ. ಅವಳು ಒಂದೊಂದೇ ಪ್ರಶ್ನೆ ಎಸೆಯುತ್ತಾಳೆ. ನಾಲ್ಕನೇ ಕಂತೋ ಐದನೆಯದೋ ನೋಡುವಾಗ ಮಾವ ಮೆಲ್ಲಗೆ ಹೇಳಿದರು, "ಇದು ತಾಳಮದ್ದಳೆ ಕಣ್ರೀ."

ಸರಿಯಾದ ಮಾತು ಅನ್ನಿಸಿತು. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತು ಅರ್ಥ ಹೇಳುವುದು. ತಾಳಮದ್ದಳೆಗೆ ಹೋಗುವವನಿಗೆ ಕೌರವನ ತೊಡೆ ಮುರಿಯುತ್ತದೆ ಎನ್ನುವುದು ಮನೆ ಬಿಡುವಾಗಲೇ ಗೊತ್ತು. ಅದನ್ನು ತಿಳಿಯಲು ಅವನು ಹೋಗುವುದಿಲ್ಲ. ತೊಡೆ ಮುರಿಯುವ ಮೊದಲು ಕೌರವ ತನ್ನ ಪರವಾಗಿ ಏನು ಹೇಳಿಕೊಳ್ಳುತ್ತಾನೆ, ಕೃಷ್ಣ ಅದಕ್ಕೆ ಏನು ಉತ್ತರ ಕೊಡುತ್ತಾನೆ, ಅದನ್ನು ಕೇಳಲು ಹೋಗುತ್ತಾನೆ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಕೌರವನೇ ಸರಿ ಅನ್ನಿಸಿಬಿಡುವುದೂ ಉಂಟು. ಟೋನಿ ಮಾಡಿದ ಕೊಲೆಗಳೆಲ್ಲ ಗೊತ್ತಿದ್ದೂ ನಾವು ಅವನ ಪಕ್ಷ ವಹಿಸಿದ್ದು ಹಾಗೆಯೇ ಅಲ್ವಾ? ಜೇಮ್ಸ್ ಗ್ಯಾಂಡೊಲ್ಫಿನಿ ಅಂಥ ಅರ್ಥಧಾರಿ. 2013ರಲ್ಲಿ ರೋಮ್‌ನಲ್ಲಿ ಅವನು ತೀರಿಕೊಂಡ ದಿನ ನಮ್ಮ ಆಫೀಸಿನಲ್ಲಿ ಸತ್ತನಾ ಬದುಕಿದನಾ ಎಂದು ಯಾರೂ ವಾದ ಮಾಡಲಿಲ್ಲ.

ಈಗ ಕೊನೆಯದಕ್ಕೆ ಒಂದು ಮುಂಚಿನ ಕಂತನ್ನು ನೋಡಿ. ಇಂಥವರಿಗೆ ಮಾತಿನ ಚಿಕಿತ್ಸೆಯಿಂದ ಉಪಯೋಗವಿಲ್ಲ, ಬದಲಿಗೆ ವಂಚನೆಯನ್ನು ಇನ್ನೂ ಚೆನ್ನಾಗಿ ಕಲಿಯುತ್ತಾರೆ ಎಂಬ ಅಧ್ಯಯನವನ್ನು ಮೆಲ್ಫಿ ಓದುತ್ತಾಳೆ. ಟೋನಿ ಬಂದಾಗ ಇನ್ನು ನಿನ್ನನ್ನು ನೋಡಲಾರೆ ಎನ್ನುತ್ತಾಳೆ. ಅವನು ಬೈದುಕೊಂಡು ಹೊರಗೆ ಹೋಗುತ್ತಾನೆ, ಅವಳು ಬಾಗಿಲು ಹಾಕುತ್ತಾಳೆ. ಎದುರಿನ ಅರ್ಥಧಾರಿ ಎದ್ದುಹೋದ ಮೇಲೆ ಪ್ರಸಂಗ ಎಲ್ಲಿದೆ? ಕೊನೆಯ ಕಂತಿನಲ್ಲಿ ಮಗನ ಡಾಕ್ಟರನ್ನು ನೋಡಲು ಹೋದವನು ಅಲ್ಲೂ ತನ್ನ ತಾಯಿಯ ಪುರಾಣವನ್ನು ಮೊದಲಿನಿಂದ ಬಿಚ್ಚುತ್ತಾನೆ. ಕಾರ್ಮೆಲಾಳ ಮುಖ ನೋಡಬೇಕು ಆಗ. ಅದೇ ಪದ, ಅದೇ ಅರ್ಥ, ಕೇಳುವವರು ಮಾತ್ರ ಹೊಸಬರು. ಆಮೇಲೆ ಅವನು ಈರುಳ್ಳಿ ರಿಂಗ್ ತಿನ್ನುತ್ತಾ ಸತ್ತರೆಷ್ಟು, ಜೈಲಿಗೆ ಹೋದರೆಷ್ಟು? ಅದು ಪೊಲೀಸರಿಗೆ ಬಿಟ್ಟ ವಿಷಯ. ಅವನ ಬಗ್ಗೆ ತಿಳಿಯುವುದು ಇನ್ನೇನೂ ಉಳಿದಿರಲಿಲ್ಲ.

ಇದನ್ನು ಮಾವನಿಗೆ ದೊಡ್ಡದಾಗಿ ವಿವರಿಸಿದೆ. ಅವರು ರಿಮೋಟ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವನು ಸತ್ತನೋ ಇಲ್ಲವೋ ನಾನು ಕೇಳಲೇ ಇಲ್ಲವಲ್ಲ. ಮಂಗಳ ಹಾಡಲಿಲ್ಲ ಅಂತ ನನ್ನ ತಕರಾರು" ಎಂದರು.

ಅವರು ಹೇಳಿದ್ದು ಬೇರೆಯೇ ವಿಷಯ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ರಾತ್ರಿಯಿಡೀ ಯಕ್ಷಗಾನದ ಆಟ ಆಡುವಾಗ ಬೆಳಕು ಹರಿಯುತ್ತ ಬಂದರೆ ಭಾಗವತರು ಎಷ್ಟೋ ಪದ ಹಾರಿಸಿ ಓಡುತ್ತಾರೆ. ಕಥೆ ಪೂರ್ತಿಯಾಗಿದೆಯಾ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಮಂಗಳ ಪದ ಹಾಡಿಯೇ ಹಾಡುತ್ತಾರೆ. ಅದು ಕೌರವನಿಗೋ ಭೀಮನಿಗೋ ಹಾಡುವುದಲ್ಲ, ಚಾಪೆಯ ಮೇಲೆ ಕೂತವನಿಗೆ. ಆಯ್ತಪ್ಪಾ, ಇನ್ನು ಏಳು, ಮನೆಗೆ ಹೋಗು ಅಂತ. ಕಥೆ ಮುಗಿಯುವುದು ಬೇರೆ, ಆಟ ಮುಗಿಸುವುದು ಬೇರೆ. 2007ರಲ್ಲಿ ಆ ಕೋಟಿ ಜನ ಸಿಟ್ಟಾದದ್ದು ಟೋನಿಯ ಗತಿ ತಿಳಿಯಲಿಲ್ಲ ಅಂತಲೋ, ತಮಗೆ ಏಳು ಎಂದು ಯಾರೂ ಹೇಳಲಿಲ್ಲ ಅಂತಲೋ? ಎರಡನೆಯದೇ ಜಾಸ್ತಿ ಇರಬೇಕು. ಹಾಗಿಲ್ಲದಿದ್ದರೆ ಇಷ್ಟು ವರ್ಷ ಅಲ್ಲೇ ಕೂತಿರುತ್ತಿರಲಿಲ್ಲ.

ಹಾಗಂತ ಸೋಲಲು ನನಗೂ ಮನಸ್ಸಿಲ್ಲ. "ಮೆಲ್ಫಿ ಬಾಗಿಲು ಹಾಕಿದ್ದೇ ಮಂಗಳ, ಮಾವ. ನಾವು ಗಮನಿಸಲಿಲ್ಲ ಅಷ್ಟೇ" ಎಂದೆ.

"ಮಂಗಳ ಆದಮೇಲೂ ವೇಷ ರಂಗದಲ್ಲೇ ಇದ್ದು ಇನ್ನೊಂದು ಗಂಟೆ ಕುಣಿದರೆ ಜನ ಏನಂತಾರೆ?" ಎಂದರು ಅವರು.

ಊರಿಗೆ ಹೊರಡುವ ಮೊದಲು ಒಂದು ಶನಿವಾರ ಅವರನ್ನು ಬ್ಲೂಮ್‌ಫೀಲ್ಡ್‌ನ ಹೋಲ್‌ಸ್ಟನ್ಸ್‌ಗೆ ಕರೆದುಕೊಂಡು ಹೋದೆ. ಕೊನೆಯ ದೃಶ್ಯ ಚಿತ್ರೀಕರಿಸಿದ್ದು ಅಲ್ಲೇ. ನಿಜದಲ್ಲಿ ಅದು ಐಸ್‌ಕ್ರೀಮ್ ಮತ್ತು ಕ್ಯಾಂಡಿ ಅಂಗಡಿ. ಟೋನಿ ಕೂತ ಆಸನವನ್ನು 2024ರಲ್ಲಿ ಹರಾಜು ಹಾಕಿದರು, 82,000 ಡಾಲರಿಗೂ ಮೇಲೆ ಹೋಯಿತು. ಈಗ ಅಲ್ಲಿರುವುದು ಹೊಸದು. ಮಾವ ಅದನ್ನು ಕೈಯಿಂದ ಸವರಿ, "ಇದು ಕುಳಿತ ಜಾಗ ಅಲ್ಲ, ಕುಳಿತ ಹಾಗೆ ಮಾಡಿದ ಜಾಗ" ಎಂದರು. ಐಸ್‌ಕ್ರೀಮ್ ತಿಂದೆವು. ಬಿಲ್ ಕೊಟ್ಟು ನಾನು ಚಿಲ್ಲರೆಗೆ ಕಾಯುತ್ತಿದ್ದೆ. ಅವರು ಆಗಲೇ ಎದ್ದು, ಕೋಟು ಹಾಕಿಕೊಂಡು, ಬಾಯಲ್ಲಿ ಏನನ್ನೋ ಗುನುಗುತ್ತಾ ಬಾಗಿಲ ಹತ್ತಿರ ಹೋಗಿದ್ದರು.